ಮೂರು ಜೀವದ ಮಾರಿಯೋ, ಒಂದೇ ಜೀವದ ನಾವು



ಕೆಂಪು ಟೋಪಿ, ನೀಲಿ ಉಡುಪು, ದಪ್ಪ ಮೀಸೆ, ಗುಂಡು ಹೊಟ್ಟೆ. ಈ ಪುಟ್ಟ ಮನುಷ್ಯನ ಹೆಸರು ಮಾರಿಯೋ. ನಿಮ್ಮ ಮನೆಯ ಮಕ್ಕಳು ಇವನನ್ನು ಬಲ್ಲರು. ಇಂದು ನಲವತ್ತರ ಆಸುಪಾಸಿನಲ್ಲಿರುವ ತಂದೆತಾಯಿಯರೂ ಬಲ್ಲರು. 1990ರ ದಶಕದಲ್ಲಿ ಟಿ.ವಿ.ಗೆ ಜೋಡಿಸಿ, ಕ್ಯಾಸೆಟ್ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗಳು ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಸಿಗುತ್ತಿದ್ದವು. ಅಂಥದೊಂದು ಪೆಟ್ಟಿಗೆ ಬಂದ ಮನೆಗೆ ಬೇಸಿಗೆ ರಜೆಯಲ್ಲಿ ಬೀದಿಯ ಮಕ್ಕಳೆಲ್ಲ ಬಂದು ಸೇರುತ್ತಿದ್ದರು. ಈಗ ಆ ಪೆಟ್ಟಿಗೆ ಅಟ್ಟ ಸೇರಿದೆ. ಮಾರಿಯೋ ಮಾತ್ರ ಮೊಬೈಲಿಗೆ ಬಂದಿದ್ದಾನೆ, 2023ರಲ್ಲಿ ಸಿನಿಮಾ ಪರದೆಗೂ ಬಂದ.

ಜಪಾನಿನ ನಿಂಟೆಂಡೋ ಎಂಬ ಕಂಪನಿ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಈ ಆಟವನ್ನು ಹೊರತಂದದ್ದು 1985ರ ಸೆಪ್ಟೆಂಬರ್‌ನಲ್ಲಿ. ಆ ಕಂಪನಿ 1889ರಲ್ಲಿ ಕ್ಯೋಟೊ ನಗರದಲ್ಲಿ ಹುಟ್ಟಿದ್ದು ಇಸ್ಪೀಟಿನಂಥ ಹೂವಿನ ಎಲೆಗಳನ್ನು ಮಾಡುವುದಕ್ಕೆಂದು. ಮಾರಿಯೋ ಮೊದಲು ಕಾಣಿಸಿಕೊಂಡದ್ದು 1981ರ ಇನ್ನೊಂದು ಆಟದಲ್ಲಿ. ಅಲ್ಲಿ ಅವನು ಬಡಗಿ, ನಮ್ಮ ಸಂತ ಜೋಸೆಫರ ಕಸುಬಿನವನು! ಆಮೇಲೆ ಕೊಳಾಯಿ ಕೆಲಸದವನಾದ. ಕದ್ದೊಯ್ಯಲ್ಪಟ್ಟ ರಾಜಕುಮಾರಿಯನ್ನು ಬಿಡಿಸಿ ತರಬೇಕು, ಇಷ್ಟೇ ಕತೆ. ಆದರೆ ಈ ಒಂದು ಆಟವೇ ಲೋಕದಾದ್ಯಂತ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಯಿತು. 40 ವರ್ಷ ಕಳೆದರೂ ಅದರ ಹೊಸ ಹೊಸ ಭಾಗಗಳು ಬರುತ್ತಲೇ ಇವೆ.

ಕುಟುಂಬ ಮತ್ತು ವಿಶ್ವಾಸದ ಪುಟದಲ್ಲಿ ಇದೇನು ಮಾತು ಎಂದು ಹುಬ್ಬೇರಿಸಬೇಡಿ. ದೊಡ್ಡಬಳ್ಳಾಪುರವಿರಲಿ, ದೇವನಹಳ್ಳಿಯಿರಲಿ, ಹೊಸಕೋಟೆ, ನೆಲಮಂಗಲವಿರಲಿ, ಮನೆಗಳನ್ನು ಸಂದರ್ಶಿಸಲು ಹೋದಾಗ ಗುರುಗಳ ಕಿವಿಗೆ ಬೀಳುವ ಮೊದಲ ದೂರು ಒಂದೇ: “ಫಾದರ್, ಇವನಿಗೆ ಸ್ವಲ್ಪ ಬುದ್ಧಿ ಹೇಳಿ, ಯಾವಾಗ ನೋಡಿದರೂ ಗೇಮು.” ಬುದ್ಧಿ ಹೇಳುವುದು ಸುಲಭ. ಯಾವ ಬುದ್ಧಿ ಹೇಳಬೇಕು, ಏಕೆ ಹೇಳಬೇಕು ಎಂಬುದನ್ನು ಯೋಚಿಸುವುದು ಕಷ್ಟ. ಈ ವಾರ ಆ ಕಷ್ಟದ ಕೆಲಸವನ್ನು ನಾವು ನೀವು ಸೇರಿ ಮಾಡೋಣ.

ಆಟ ಪಾಪವೇ?

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ಆಟವೆಂದರೆ ಹೊತ್ತು ಹಾಳು, ಭಕ್ತರಿಗೆ ಆಟ ಸಲ್ಲದು ಎಂದು ಕೆಲವರು ನಂಬಿದ್ದಾರೆ. ಇದು ಧರ್ಮಸಭೆಯ ಬೋಧನೆಯಲ್ಲ. ಪವಿತ್ರ ಗ್ರಂಥದ ಜ್ಞಾನೋಕ್ತಿಗಳಲ್ಲಿ ದೈವಜ್ಞಾನವು ಸೃಷ್ಟಿಯ ಆದಿಯಲ್ಲಿ ದೇವರ ಮುಂದೆ ನಲಿದಾಡುತ್ತಿತ್ತೆಂದು ಓದುತ್ತೇವೆ. ಜೆಕರ್ಯ ಪ್ರವಾದಿಯು ಪುನರುದ್ಧಾರಗೊಂಡ ಜೆರುಸಲೇಮನ್ನು ವರ್ಣಿಸುವಾಗ, ಅದರ ಬೀದಿಗಳಲ್ಲಿ ಮುದುಕರು ನೆಮ್ಮದಿಯಾಗಿ ಕುಳಿತಿರುವುದನ್ನೂ ಹುಡುಗ ಹುಡುಗಿಯರು ತುಂಬಿ ಆಡುವುದನ್ನೂ ಕಾಣುತ್ತಾನೆ. ದೇವರು ಆಶೀರ್ವದಿಸಿದ ಊರಿನ ಗುರುತುಗಳಲ್ಲಿ ಮಕ್ಕಳ ಆಟವೂ ಒಂದು!

ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥ ‘ಸುಮ್ಮಾ’ದಲ್ಲಿ ಆಟದಲ್ಲೂ ಸದ್ಗುಣವಿರಬಹುದೇ ಎಂಬ ಪ್ರಶ್ನೆಯನ್ನೆತ್ತಿ, ಇರಬಹುದು ಎಂದು ಉತ್ತರಿಸುತ್ತಾರೆ. ದುಡಿದ ದೇಹಕ್ಕೆ ನಿದ್ರೆ ಹೇಗೋ ದಣಿದ ಮನಸ್ಸಿಗೆ ಆಟ ಹಾಗೆ ಎಂಬುದು ಅವರ ವಾದ. ಅವರು ಅಲ್ಲಿ ಹಿಂದಿನವರಿಂದ ಬಂದ ಒಂದು ಕತೆಯನ್ನೂ ಹೇಳುತ್ತಾರೆ. ಪ್ರೇಷಿತ ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಯಾರೋ ಮೂಗು ಮುರಿದರಂತೆ. ಅವರಲ್ಲೊಬ್ಬನ ಬಳಿ ಬಿಲ್ಲಿತ್ತು. ಯೊವಾನ್ನರು ಅವನಿಂದ ಮೇಲಿಂದ ಮೇಲೆ ಬಾಣ ಬಿಡಿಸಿ, “ಹೀಗೆ ಬಿಡುವಿಲ್ಲದೆ ಎಳೆಯುತ್ತಲೇ ಇರಬಹುದೇ?” ಎಂದು ಕೇಳಿದರು. “ಬಿಲ್ಲು ಮುರಿದುಹೋಗುತ್ತದೆ” ಎಂದ ಅವನು. ಬಿಡುವಿಲ್ಲದ ಮನಸ್ಸೂ ಹಾಗೆಯೇ ಎಂದರು ಯೊವಾನ್ನರು.

ಆಟದಲ್ಲಿ ಮಿತಿಮೀರುವುದು ತಪ್ಪು ಎಂದು ಹೇಳಿದ ಅಕ್ವಿನಾಸರು ಅಲ್ಲಿಗೇ ನಿಲ್ಲಲಿಲ್ಲ. ತಾನೂ ನಗದೆ, ನಗುವವರನ್ನೂ ಸಹಿಸದೆ ಸದಾ ಮುಖ ಗಂಟುಹಾಕಿಕೊಂಡಿರುವುದೂ ತಪ್ಪೇ ಎಂದರು. ಮಕ್ಕಳಿಗೆ ಬುದ್ಧಿ ಹೇಳಿಸಲು ಹೊರಟ ಹಿರಿಯರು ಇದನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು. ಸಂತ ಜಾನ್ ಬೋಸ್ಕೊ ಹುಡುಗನಾಗಿದ್ದಾಗ ಸಂತೆಯ ದೊಂಬರಾಟದವರನ್ನು ನೋಡಿ ನೋಡಿ ಹಗ್ಗದ ಮೇಲಿನ ನಡಿಗೆ, ಕೈಚಳಕಗಳನ್ನು ಕಲಿತು, ಊರಿನವರನ್ನು ಕೂಡಿಸಿ ಪ್ರದರ್ಶನ ಕೊಡುತ್ತಿದ್ದರು. ಅದಕ್ಕೆ ಟಿಕೀಟು ಜಪಸರದ ಪ್ರಾರ್ಥನೆ. ಮುಂದೆ ಟ್ಯೂರಿನ್ ನಗರದಲ್ಲಿ ಅವರು ಕಟ್ಟಿದ ಕೇಂದ್ರದಲ್ಲಿ ಗುಡಿಯಿದ್ದ ಹಾಗೆ ಆಟದ ಅಂಗಳವೂ ಇತ್ತು.

ಹಾಗಾದರೆ ಎಂಥ ಆಟ ಸರಿ? ಅಕ್ವಿನಾಸರು ಮೂರು ಎಚ್ಚರಿಕೆಗಳನ್ನು ಹೇಳುತ್ತಾರೆ. ಒಂದು, ಆಟದ ಸಂತೋಷ ಅಸಭ್ಯವಾದುದರಲ್ಲಿ ಅಥವಾ ಇನ್ನೊಬ್ಬರಿಗೆ ಕೇಡು ಮಾಡುವುದರಲ್ಲಿ ಇರಬಾರದು. ಎರಡು, ಆಟದಲ್ಲಿ ಮನಸ್ಸಿನ ಹತೋಟಿ ಪೂರ್ತಿ ತಪ್ಪಬಾರದು. ಮೂರು, ಅದು ಆಡುವವನಿಗೂ ಹೊತ್ತಿಗೂ ಜಾಗಕ್ಕೂ ತಕ್ಕುದಾಗಿರಬೇಕು. ಸುಮಾರು 750 ವರ್ಷಗಳ ಹಿಂದೆ ಬರೆದ ಮಾತುಗಳಿವು. ಚೌಕಾಬಾರಕ್ಕೂ ಇವು ಸಲ್ಲುತ್ತವೆ, ಮೊಬೈಲಿಗೂ ಸಲ್ಲುತ್ತವೆ.

ಆಟದೊಳಗಿನದು, ಆಟದ ಸುತ್ತಲಿನದು

ಮಾರಿಯೋ ದಾರಿಯಲ್ಲಿ ಸಿಕ್ಕ ವೈರಿಗಳ ತಲೆಯ ಮೇಲೆ ಹಾರಿ ಅವರನ್ನು ಚಪ್ಪಟೆ ಮಾಡುತ್ತಾನೆ. ಇದು ಹಿಂಸೆಯಲ್ಲವೇ ಎಂದು ಕೇಳುವವರಿದ್ದಾರೆ. ಚದುರಂಗದಲ್ಲಿ ಆನೆಯನ್ನು ಕಡಿಯುತ್ತೇವೆ, ಆನೆ ಸಾಯುವುದಿಲ್ಲ. ಹುಲಿ-ಕುರಿ ಆಟದಲ್ಲಿ ಕುರಿಯನ್ನು ಹುಲಿ ತಿನ್ನುತ್ತದೆ, ಕುರಿಗೇನೂ ಆಗುವುದಿಲ್ಲ. ಕೃತ್ಯದ ಒಳಿತು ಕೆಡುಕು ಮನಸ್ಸಿನ ಸಂಕಲ್ಪದಿಂದ ಹುಟ್ಟುತ್ತದೆ ಎಂಬುದು ನೀತಿಶಾಸ್ತ್ರದ ಮೊದಲ ಪಾಠ. ಮಾರಿಯೋವನ್ನು ಹಾರಿಸುವ ಮಗುವಿನ ಸಂಕಲ್ಪದಲ್ಲಿ ಯಾರ ಕೇಡೂ ಇಲ್ಲ. ರಕ್ತಪಾತವನ್ನೇ ರುಚಿಯಾಗಿ ಉಣಬಡಿಸುವ ಆಟಗಳ ಮಾತು ಬೇರೆ. ಅವು ಅಕ್ವಿನಾಸರ ಮೊದಲನೆಯ ಎಚ್ಚರಿಕೆಯಲ್ಲೇ ಎಡವುತ್ತವೆ. ಎಲ್ಲ ಆಟಗಳನ್ನೂ ಒಂದೇ ಗೋಣಿಯಲ್ಲಿ ತುಂಬಿ ಬಾಯಿ ಕಟ್ಟುವುದು ನ್ಯಾಯವಲ್ಲ.

ಆಟದೊಳಗಿನದು ಆಟ. ಆದರೆ ಆಟದ ಸುತ್ತಲಿನದು ನಿಜ, ಇದನ್ನು ಮರೆಯಬಾರದು. ಆಟದೊಳಗೆ ಬಿದ್ದ ವೈರಿ ಬಣ್ಣದ ಚುಕ್ಕೆಗಳ ಗೊಂಬೆ. ಫೋನ್ ಕಿತ್ತುಕೊಂಡಳೆಂದು ತಂಗಿಯ ಬೆನ್ನಿಗೆ ಬಿದ್ದ ಗುದ್ದು ನಿಜ. ಅಜ್ಜಿ ನೀರು ಕೇಳಿದಾಗ “ಇರಜ್ಜಿ, ಇದೊಂದು ಮುಗೀಲಿ” ಎಂದು ಅರ್ಧ ಗಂಟೆ ಕಾಯಿಸಿದ್ದು ನಿಜ. ಓದುತ್ತಿದ್ದೇನೆ ಎಂದು ಹೇಳಿದ ಸುಳ್ಳು ನಿಜ. ಮಕ್ಕಳ ಆತ್ಮಶೋಧನೆಗೆ ಸಹಾಯ ಮಾಡುವ ತಾಯಂದಿರು “ಎಷ್ಟು ವೈರಿಗಳನ್ನು ಕೊಂದೆ?” ಎಂದು ಕೇಳಬೇಕಾಗಿಲ್ಲ. “ಆಟದ ಹೊರಗೆ ಯಾರನ್ನು ನೋಯಿಸಿದೆ?” ಎಂದು ಕೇಳಿದರೆ ಸಾಕು.

ಈ ಆಟವನ್ನು ಕಟ್ಟಿದವರಲ್ಲಿ ಪ್ರಮುಖರಾದ ಶಿಗೆರು ಮಿಯಾಮೊಟೊ ಹುಟ್ಟಿದ್ದು 1952ರಲ್ಲಿ, ಕ್ಯೋಟೊ ಸಮೀಪದ ಒಂದು ಚಿಕ್ಕ ಊರಿನಲ್ಲಿ. ಬಾಲ್ಯದಲ್ಲಿ ಅವರು ಗುಡ್ಡ, ಹೊಲ, ಕೊಳಗಳನ್ನು ಸುತ್ತುತ್ತಾ ಒಮ್ಮೆ ಒಂದು ಗವಿಯನ್ನು ಕಂಡು, ಲಾಂದ್ರ ಹಿಡಿದು ಅದರೊಳಗೆ ಹೋಗಿದ್ದರು. ಆ ಅಂಜಿಕೆ, ಆ ಬೆರಗು ತಮ್ಮ ಆಟಗಳಿಗೆ, ಅದರಲ್ಲೂ 1986ರ ‘ಜೆಲ್ಡಾ’ ಎಂಬ ಸಾಹಸದ ಆಟಕ್ಕೆ, ಮೂಲ ಎಂದು ಅವರೇ ಹೇಳಿದ್ದಾರೆ. ಅಂದರೆ ಪರದೆಯ ಮೇಲಿನ ಬಣ್ಣದ ಲೋಕ ಹುಟ್ಟಿದ್ದು ಪರದೆಯಿಲ್ಲದ ಒಬ್ಬ ಹುಡುಗನ ಅಲೆದಾಟದಿಂದ. ನಮ್ಮ ಮಕ್ಕಳಿಗೆ ಶಿವಗಂಗೆಯ ಬೆಟ್ಟ ಹತ್ತಿರವಿದೆ, ಮಾಕಳಿದುರ್ಗ ಹತ್ತಿರವಿದೆ, ದೇವನಹಳ್ಳಿಯ ಕೋಟೆಯಿದೆ. ಆದರೆ ಮನೆಯ ಪಕ್ಕದ ಹುಣಸೆತೋಪು ಎಲ್ಲಿ? ಲಗೋರಿ ಆಡುತ್ತಿದ್ದ ಗೋಮಾಳ ಲೇಔಟ್ ಆಯಿತು, ಬುಗುರಿ ಬಿಡುತ್ತಿದ್ದ ಬೀದಿಯಲ್ಲಿ ಲಾರಿ ಓಡುತ್ತಿದೆ. ಹೊರಗೆ ಆಡಲು ಜಾಗ ಉಳಿಸದೆ, ಒಳಗೆ ಏಕೆ ಆಡುತ್ತೀ ಎಂದು ಮಕ್ಕಳನ್ನು ಗದರಿದರೆ ನ್ಯಾಯವಾದೀತೇ? ಇದಕ್ಕೆ ಮಕ್ಕಳು ಉತ್ತರ ಕೊಡಬೇಕಾಗಿಲ್ಲ, ನಾವು ಕೊಡಬೇಕು.

ಮೂರು ಜೀವಗಳ ಪ್ರಶ್ನೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾರಿಯೋಗೆ ಆರಂಭದಲ್ಲಿ ಮೂರು ಜೀವ. ಗುಂಡಿಗೆ ಬಿದ್ದರೆ ಒಂದು ಹೋಯಿತು, ಮತ್ತೆ ಎದ್ದು ನಿಲ್ಲುತ್ತಾನೆ. 100 ನಾಣ್ಯ ಕೂಡಿಸಿದರೆ ಇನ್ನೊಂದು ಜೀವ ಬರುತ್ತದೆ. ಎಲ್ಲ ಜೀವಗಳೂ ಮುಗಿದರೆ ಆಟವನ್ನು ಮೊದಲಿನಿಂದ ಆರಂಭಿಸಬಹುದು. ಮೊದಲ ಪರಮಪ್ರಸಾದಕ್ಕೆ ಸಿದ್ಧವಾಗುವ ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇದನ್ನು ಕುರಿತದ್ದೇ: “ಗೇಮಲ್ಲಿ ಸತ್ತರೆ ಇನ್ನೊಂದು ಲೈಫ್ ಸಿಗುತ್ತೆ. ಪಾಪ ಮಾಡಿದರೆ ಪಾಪನಿವೇದನೆ ಮಾಡಿ ಮತ್ತೆ ಫಸ್ಟಿಂದ ಶುರು ಮಾಡಬಹುದು. ಎರಡೂ ಒಂದೇ ಅಲ್ವಾ, ಫಾದರ್?”

ಉಳಿದ ಮಕ್ಕಳು ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ನಮ್ಮಲ್ಲಿ ಅನೇಕ ಹಿರಿಯರು ಬಾಯಿ ಬಿಟ್ಟು ಹೇಳದಿದ್ದರೂ ಪಾಪನಿವೇದನೆಯನ್ನು ಹೀಗೆಯೇ ತಿಳಿದಿದ್ದಾರೆ. ಕ್ರಿಸ್ತಜಯಂತಿಗೆ ಒಂದು ಸಲ, ಪಾಸ್ಕಕ್ಕೆ ಒಂದು ಸಲ ಹಲಗೆಯ ಮೇಲಿನ ಬರಹವನ್ನು ಅಳಿಸಿದಂತೆ ಅಳಿಸಿಕೊಂಡು ಬರುವುದು, ಬಂದು ಅದನ್ನೇ ಬರೆಯುವುದು.

ಹುಡುಗನ ಪ್ರಶ್ನೆಯಲ್ಲಿ ಸತ್ಯದ ಅಂಶವಿದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಬಿದ್ದವನಿಗೆ ಏಳುವ ಅವಕಾಶ ಉಂಟು ಎಂಬುದು ಶುಭಸಂದೇಶದ ಹೃದಯ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಎಂದು ಪೇತ್ರ ಕೇಳಿದಾಗ ಯೇಸುಸ್ವಾಮಿ ಆ ಲೆಕ್ಕವನ್ನೇ ಮುರಿದುಹಾಕಿದರು. ಮಾರಿಯೋಗೆ ಮೂರು ಜೀವ, ದೇವರ ಕರುಣೆಗೆ ಎಣಿಕೆಯಿಲ್ಲ. ಈ ಆಟದಲ್ಲಿ ಇನ್ನೊಂದು ಒಳ್ಳೆಯ ಪಾಠವೂ ಇದೆ. ಎಂಟು ಲೋಕಗಳನ್ನು ದಾಟಬೇಕು. ಮೊದಲ ಏಳು ಕೋಟೆಗಳಲ್ಲೂ ಕಷ್ಟಪಟ್ಟು ಒಳಹೊಕ್ಕ ಮೇಲೆ ರಾಜಕುಮಾರಿ ಇಲ್ಲಿಲ್ಲ, ಬೇರೆ ಕೋಟೆಯಲ್ಲಿದ್ದಾಳೆ ಎಂಬ ಸುದ್ದಿ ಸಿಗುತ್ತದೆ. ಏಳು ಸಲ ನಿರಾಶೆಯಾದರೂ ಎಂಟನೆಯ ಬಾಗಿಲು ತಟ್ಟುವ ಮಗುವಿಗೆ ತಾಳ್ಮೆಯ ಅಭ್ಯಾಸವಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ವ್ಯತ್ಯಾಸ ಎಲ್ಲಿದೆ? ಮಾರಿಯೋ ಸತ್ತು ಎದ್ದಾಗ ಅವನು ಒಡೆದ ಇಟ್ಟಿಗೆಗಳು ಮತ್ತೆ ಗೋಡೆಯಲ್ಲಿರುತ್ತವೆ. ಅವನು ತುಳಿದ ವೈರಿ ಮತ್ತೆ ಮೊದಲಿನ ಜಾಗದಲ್ಲಿ ನಡೆದು ಬರುತ್ತಾನೆ. ಆ ಲೋಕಕ್ಕೆ ನೆನಪಿಲ್ಲ, ನಡೆದದ್ದು ನಡೆಯಲೇ ಇಲ್ಲ. ನಮ್ಮ ಲೋಕ ಹಾಗಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಕುಡಿದು ಮಗನಿಗೆ ಹೊಡೆದ ತಂದೆ ಮರುದಿನ ಬೆಳಿಗ್ಗೆ ಹೊಸ ಮನುಷ್ಯನಾಗಿ ಏಳಬಹುದು, ಆದರೆ ಮಗನ ಕೆನ್ನೆ ನೆನ್ನೆಯದೇ.

ದೇವರು ಸರ್ವಶಕ್ತರಲ್ಲವೇ, ನಡೆದುದನ್ನು ನಡೆಯದಂತೆ ಮಾಡಲಾರರೇ ಎಂದು ಅಕ್ವಿನಾಸರು ಒಂದೆಡೆ ಪ್ರಶ್ನಿಸಿಕೊಳ್ಳುತ್ತಾರೆ. ಅವರ ಉತ್ತರ ಅಚ್ಚರಿ ಹುಟ್ಟಿಸುತ್ತದೆ: ಇಲ್ಲ. ನಡೆದದ್ದು ನಡೆದಿಲ್ಲ ಎಂಬುದು ತನ್ನನ್ನು ತಾನೇ ಅಲ್ಲಗಳೆಯುವ ಮಾತು. ಕುಳಿತವನು ಕುಳಿತಿರುವಾಗಲೇ ನಿಂತಿದ್ದಾನೆ ಎಂದಂತೆ. ಅಂಥ ಪೊಳ್ಳು ಮಾತು ದೇವರ ಶಕ್ತಿಗೆ ಮೀರಿದ್ದು ಎನ್ನುವುದಕ್ಕಿಂತ, ಅದು ಒಂದು ಕಾರ್ಯವೇ ಅಲ್ಲ ಎನ್ನುವುದು ಸರಿ. ಹಾಗಾದರೆ ಕ್ಷಮೆಯೆಂದರೆ ಏನು? ನಡೆದುದನ್ನು ಅಳಿಸುವುದಲ್ಲ. ಅದನ್ನು ಮಾಡಿದವನನ್ನು ಮತ್ತೆ ಮಗನೆಂದು ಕರೆಯುವುದು. ಇಟ್ಟಿಗೆ ತನ್ನಷ್ಟಕ್ಕೆ ಗೋಡೆಗೆ ಮರಳುವುದು ಯಂತ್ರದ ಕೆಲಸ. ಮುರಿದ ಗೋಡೆಯ ಮುಂದೆ ನಿಂತು, ಮುರಿದವನ ಹೆಗಲ ಮೇಲೆ ಕೈಯಿಟ್ಟು, “ಬಾ, ಸೇರಿ ಕಟ್ಟೋಣ” ಎನ್ನುವುದು ಪ್ರೀತಿಯ ಕೆಲಸ. ಎರಡರಲ್ಲಿ ದೊಡ್ಡದು ಯಾವುದೆಂದು ನೀವೇ ಹೇಳಿ.

ಪುನರುತ್ಥಾನರಾದ ಯೇಸುಸ್ವಾಮಿಯ ದೇಹವನ್ನು ನೆನೆಯಿರಿ. ಮರಣವನ್ನೇ ಜಯಿಸಿದವರಿಗೆ ಮೊಳೆಯ ಗಾಯಗಳನ್ನು ಅಳಿಸುವುದು ಕಷ್ಟವಾಗಿತ್ತೇ? ಆದರೂ ಗಾಯಗಳು ಉಳಿದವು. ತೋಮನಿಗೆ ಅವರು ತೋರಿಸಿದ್ದು ಅವುಗಳನ್ನೇ. ಪಾಸ್ಕವೆಂಬುದು ಆಟವನ್ನು ಮೊದಲಿನಿಂದ ಆರಂಭಿಸಿದಂತಲ್ಲ. ಶುಭಶುಕ್ರವಾರವನ್ನು ಅಳಿಸಿ ಹಾಕಿ ಭಾನುವಾರ ಬರಲಿಲ್ಲ, ಶುಕ್ರವಾರದ ಗಾಯಗಳನ್ನು ಹೊತ್ತುಕೊಂಡೇ ಬಂತು.

ಪೇತ್ರನನ್ನೂ ನೆನೆಯಿರಿ. ಇದ್ದಿಲ ಬೆಂಕಿಯ ಬಳಿ ಮೂರು ಸಲ ಗುರುವನ್ನು ಅರಿಯೆನೆಂದ. ಸರೋವರದ ದಡದಲ್ಲಿ ಮತ್ತೆ ಇದ್ದಿಲ ಬೆಂಕಿ ಉರಿಯುತ್ತಿರುವಾಗ ಯೇಸುಸ್ವಾಮಿ ಅವನನ್ನು ಮೂರು ಸಲ, ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳಿದರು. ಮೂರನೆಯ ಸಲ ಕೇಳಿದಾಗ ಪೇತ್ರನಿಗೆ ನೋವಾಯಿತು ಎಂದು ಸಂತ ಯೊವಾನ್ನರು ಬರೆದಿದ್ದಾರೆ. ನೋವಾಗಲೇಬೇಕಿತ್ತು. ನಡೆದದ್ದು ನಡೆದಿಲ್ಲ ಎಂಬಂತೆ ಸ್ವಾಮಿ ನಟಿಸಲಿಲ್ಲ. ಆ ಮೂರು ಮಾತುಗಳ ಮೇಲೆಯೇ ಮೂರು ಹೊಸ ಮಾತುಗಳನ್ನಿರಿಸಿ, ಕುರಿಮಂದೆಯನ್ನು ಅವನ ಕೈಗೆ ಒಪ್ಪಿಸಿದರು.

ಇನ್ನೂ ಒಂದು ಸೂಕ್ಷ್ಮವಿದೆ. ಅದೇ ಗುಂಡಿಯನ್ನು ನಾಲ್ಕನೆಯ ಸಲ ಮಾರಿಯೋ ದಾಟುವುದು ಹೇಗೆ? ಮಾರಿಯೋ ಏನೂ ಕಲಿತಿಲ್ಲ, ಅವನು ಗೊಂಬೆ. ಕಲಿತದ್ದು ಗುಂಡಿ ಒತ್ತುವ ಮಗು. ಆಟದ ಲೋಕ ಮರೆತರೂ ಮಗು ಮರೆಯಲಿಲ್ಲ, ಆದ್ದರಿಂದ ದಾಟಿತು. ನೆನಪಿಲ್ಲದೆ ಎದ್ದವನು ಅದೇ ಗುಂಡಿಗೆ ಬೀಳುತ್ತಾನೆ. ಪಾಪನಿವೇದನೆಯಲ್ಲಿ ಪಶ್ಚಾತ್ತಾಪದ ಜೊತೆಗೆ ಇನ್ನು ಮುಂದೆ ಮಾಡೆನು ಎಂಬ ದೃಢಸಂಕಲ್ಪವನ್ನೂ ಧರ್ಮಸಭೆ ಕೇಳುವುದು ಇದಕ್ಕಾಗಿಯೇ. “ಹೇಗಿದ್ದರೂ ಪಾಪನಿವೇದನೆ ಉಂಟಲ್ಲ” ಎಂದು ಧೈರ್ಯ ಮಾಡಿ ಪಾಪ ಮಾಡುವವನು ಕರುಣೆಯನ್ನು ಕರುಣೆಯೆಂದು ಕಾಣುತ್ತಿಲ್ಲ, 100 ನಾಣ್ಯಕ್ಕೆ ಸಿಗುವ ಜೀವವೆಂದು ಕಾಣುತ್ತಿದ್ದಾನೆ.

ಗಿರವಿ ಅಂಗಡಿಯ ಸರ

ಇದೆಲ್ಲ ಬರಿಯ ತರ್ಕವೆಂದು ಯಾರೂ ತಿಳಿಯಬಾರದು. ವಿದ್ಯುತ್ ಮಗ್ಗದಲ್ಲಿ ಸೀರೆ ನೇಯುವ ಒಬ್ಬ ಗೃಹಸ್ಥರ ಸಂಗತಿಯನ್ನು, ಅವರ ಮತ್ತು ಅವರ ಹೆಂಡತಿಯ ಒಪ್ಪಿಗೆ ಪಡೆದೇ, ಗುರುತು ಮರೆಸಿ ಹೇಳುತ್ತೇನೆ. ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಗುರುನಿವಾಸದ ಜಗಲಿಯಲ್ಲಿ ಇಬ್ಬರೂ ಕುಳಿತು ಹೇಳಿದ್ದು. ಮಗ್ಗದ ಸದ್ದಿನ ನಡುವೆ ಬೇಸರ ಕಳೆಯಲೆಂದು ಅವರು ಮೊಬೈಲಿನಲ್ಲಿ ಬಣ್ಣಬಣ್ಣದ ಆಟ ಆಡುತ್ತಿದ್ದರು. ಅಲ್ಲಿಂದ ಹಣ ಕಟ್ಟಿ ಆಡುವ ಆನ್‌ಲೈನ್ ರಮ್ಮಿಗೆ ಹೋದರು. ಮೊದಲು ಸ್ವಲ್ಪ ಗೆದ್ದರು. ಆಮೇಲೆ ಸಂಬಳ ಹೋಯಿತು, ಕೈಸಾಲ ಬಂತು. ಕೊನೆಗೆ ಹೆಂಡತಿಯ ತಾಳಿಸರವನ್ನು ಪಾಲಿಶ್ ಮಾಡಿಸಿಕೊಂಡು ಬರುತ್ತೇನೆಂದು ಒಯ್ದು ಗಿರವಿ ಇಟ್ಟರು.

ಮುಂದೆ ವೇಳಾಂಕಣ್ಣಿಗೆ ಯಾತ್ರೆ ಹೋದಾಗ ಅಲ್ಲಿ ಪಾಪನಿವೇದನೆ ಮಾಡಿ ಬಂದರು. ಆಟವನ್ನೂ ಬಿಟ್ಟರು. ಅವರ ಪಶ್ಚಾತ್ತಾಪ ನಿಜವಾದುದು. ಆದರೆ ಮನೆಯಲ್ಲಿ ಜಗಳ ನಿಲ್ಲಲಿಲ್ಲ. “ದೇವರೇ ಕ್ಷಮಿಸಿದ ಮೇಲೆ ಇವಳು ಹಳೆಯದನ್ನು ಯಾಕೆ ಕೆದಕಬೇಕು, ಫಾದರ್?” ಎಂಬುದು ಅವರ ದೂರು. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ದೇವರು ಕ್ಷಮಿಸಿರ್ತಾರೆ. ನಾನೂ ಕ್ಷಮಿಸ್ತೀನಿ. ಆದರೆ ನನ್ನ ಸರ ಗಿರವಿ ಅಂಗಡೀಲೇ ಇದೆಯಲ್ಲ? ಸರ ಹೋಗಲಿ ಫಾದರ್, ಪಾಲಿಶ್‌ಗೆ ಕೊಟ್ಟಿದೀನಿ ಅಂದರಲ್ಲ, ಆ ಮಾತು?”

ಗುರುಮಠದಲ್ಲಿ ವರ್ಷಗಟ್ಟಲೆ ಓದಿದ ದೈವಶಾಸ್ತ್ರ ಆ ಎರಡು ಪ್ರಶ್ನೆಗಳಲ್ಲಿದೆ. ಪಾಪಕ್ಷಮೆಯಿಂದ ಪಾಪ ಪರಿಹಾರವಾಗುತ್ತದೆ. ಆದರೆ ಪಾಪವು ಲೋಕದಲ್ಲಿ ಮಾಡಿದ ಹಾನಿಯೆಲ್ಲ ತನ್ನಷ್ಟಕ್ಕೆ ಸರಿಹೋಗುವುದಿಲ್ಲ, ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ್ದನ್ನು ಸಾಧ್ಯವಾದಷ್ಟು ಸರಿಪಡಿಸಬೇಕು ಎಂಬುದು ಧರ್ಮಸಭೆಯ ಸ್ಪಷ್ಟ ಬೋಧನೆ. ಜಕ್ಕಾಯ ಮರದಿಂದ ಇಳಿದು ಸ್ವಾಮಿಯನ್ನು ಮನೆಗೆ ಕರೆದು ಊಟ ಹಾಕಿ ಕೈ ತೊಳೆದುಕೊಳ್ಳಲಿಲ್ಲ. ವಂಚಿಸಿದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ಗುರುಗಳು ಕೊಡುವ ಪ್ರಾಯಶ್ಚಿತ್ತದ ಪ್ರಾರ್ಥನೆ ಈ ದೀರ್ಘ ದಾರಿಯ ಮೊದಲ ಹೆಜ್ಜೆ, ದಾರಿಯ ಕೊನೆಯಲ್ಲ.

ಆ ಗೃಹಸ್ಥರು ಅಂದಿನಿಂದ ಕೂಲಿಯನ್ನು ನೇರವಾಗಿ ಹೆಂಡತಿಯ ಕೈಗೆ ಕೊಡುತ್ತಾ ಬಂದರು, ರಾತ್ರಿ ಪಾಳಿಯನ್ನೂ ಮಾಡಿದರು. ಸರ ಮನೆಗೆ ಬಂದಿದೆ. ನಂಬಿಕೆ ನಿಧಾನವಾಗಿ ಬರುತ್ತಿದೆ. ಅದಕ್ಕೆ ಬಡ್ಡಿ ಹೆಚ್ಚು.

ಇಂಥ ಮನೆಗಳು ಒಂದೆರಡಲ್ಲ ಎಂಬುದನ್ನು ಸರ್ಕಾರವೂ ಕಂಡಿತು. ನಮ್ಮ ರಾಜ್ಯ 2021ರಲ್ಲಿ ಇಂಥ ಆಟಗಳನ್ನು ತಡೆಯಲು ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಕಾನೂನು ಬಾಗಿಲು ಹಾಕಬಹುದು, ಮನಸ್ಸಿನ ಕಿಟಕಿಯನ್ನು ಹಾಕಬೇಕಾದವರು ನಾವು. ಧರ್ಮರಾಯನಂಥ ಧರ್ಮರಾಯನೇ ಪಗಡೆಯ ಮುಂದೆ ಕುಳಿತು ರಾಜ್ಯವನ್ನೂ ತಮ್ಮಂದಿರನ್ನೂ ಕೈಹಿಡಿದವಳನ್ನೂ ಪಣಕ್ಕಿಟ್ಟ ಕತೆಯನ್ನು ನಮ್ಮ ನಾಡಿನ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ಅದರಲ್ಲೂ ಭೂಮಿ ಮಾರಿದ ಹಣ ಬ್ಯಾಂಕಿನಲ್ಲಿ ಬಿದ್ದಿರುವ ಮನೆಗಳು ನಮ್ಮ ತಾಲೂಕುಗಳಲ್ಲಿವೆ. ಆ ಹಣ ತಾತನ ಬೆವರು. ಅದಕ್ಕೆ ಎರಡನೆಯ ಜೀವವಿಲ್ಲ.

ಮನೆಯವರಿಗೆ ನಾಲ್ಕು ಮಾತು

ಮೊದಲನೆಯದಾಗಿ, ಮಗು ಆಡುವ ಆಟವನ್ನು ಬೈಯುವ ಮುನ್ನ ಪಕ್ಕದಲ್ಲಿ ಕುಳಿತು ನೋಡಿ. “ಇದೇನು, ಇವನು ಯಾರು, ಇಲ್ಲಿ ಯಾಕೆ ಬಿದ್ದ?” ಎಂದು ಕೇಳಿ. ಮಗು ಉತ್ಸಾಹದಿಂದ ಹೇಳುತ್ತದೆ. ಯಾವ ಆಟ ಬರಿಯ ಸಾಹಸ, ಯಾವುದು ರಕ್ತದಾಹ, ಯಾವುದು ಜೂಜು ಎಂಬುದು ಅರ್ಧ ಗಂಟೆಯಲ್ಲಿ ನಿಮಗೇ ತಿಳಿಯುತ್ತದೆ. ನಿಮ್ಮ ಬಳಿ ಆಟದ ಮಾತಾಡಿದ ಮಗು ನಾಳೆ ಸಂಕಟದ ಮಾತನ್ನೂ ನಿಮ್ಮ ಬಳಿಯೇ ಆಡುತ್ತದೆ.

ಎರಡನೆಯದು, ಹೊತ್ತು ಗೊತ್ತು ಇರಲಿ. 2025ರ ಸೆಪ್ಟೆಂಬರ್ 7ರಂದು 14ನೆಯ ಲಿಯೋ ಜಗದ್ಗುರುಗಳು ಸಂತರೆಂದು ಸಾರಿದ ಕಾರ್ಲೊ ಅಕುಟಿಸ್ 1991ರಲ್ಲಿ ಹುಟ್ಟಿ, 2006ರಲ್ಲಿ ರಕ್ತದ ಕ್ಯಾನ್ಸರಿನಿಂದ 15ನೆಯ ವಯಸ್ಸಿನಲ್ಲೇ ತೀರಿಕೊಂಡ ಹುಡುಗ. ಕಂಪ್ಯೂಟರಿನಲ್ಲಿ ಪ್ರವೀಣ. ಪರಮಪ್ರಸಾದದ ಅದ್ಭುತಗಳನ್ನು ಜಗತ್ತಿಗೆ ತಿಳಿಸಲು ಅಂತರ್ಜಾಲ ತಾಣ ಕಟ್ಟಿದವನು. ಅವನಿಗೂ ವಿಡಿಯೋ ಗೇಮ್ ಇಷ್ಟವಿತ್ತು. ಆದರೆ ವಾರಕ್ಕೆ ಒಂದು ಗಂಟೆ ಎಂದು ತಾನೇ ಗೆರೆ ಎಳೆದುಕೊಂಡಿದ್ದ. ತಂದೆತಾಯಿ ಎಳೆದ ಗೆರೆ ಬೇಲಿ, ಮಗು ತಾನೇ ಎಳೆದುಕೊಂಡ ಗೆರೆ ಸದ್ಗುಣ. ಬೇಲಿಯಿಂದ ಆರಂಭಿಸಿ ಸದ್ಗುಣಕ್ಕೆ ಕರೆದೊಯ್ಯುವುದೇ ಪಾಲನೆ. ಒಂದು ಸಣ್ಣ ಉಪಾಯ ಹೇಳುತ್ತೇನೆ. ನಡುವೆ ಫೋನ್ ಕಿತ್ತುಕೊಳ್ಳಬೇಡಿ, “ಈ ಮನೆ ಮುಗಿಸಿ ಇಟ್ಟುಬಿಡು” ಎನ್ನಿ. ಇಡುವುದನ್ನು ಮಗುವಿನ ಕೈಯೇ ಕಲಿಯಲಿ.

ಮೂರನೆಯದು ನಮ್ಮ ನಮ್ಮ ಫೋನಿನ ಮಾತು. ಸಂತ ಅಗಸ್ಟೀನರು ತಮ್ಮ ಬಾಲ್ಯವನ್ನು ನೆನೆಯುತ್ತಾ, ಓದು ಬಿಟ್ಟು ಚೆಂಡಾಡಿದ್ದಕ್ಕೆ ಹಿರಿಯರು ತಮಗೆ ಹೊಡೆಯುತ್ತಿದ್ದರು, ಆದರೆ ಆ ಹಿರಿಯರು ಮಾಡುತ್ತಿದ್ದುದೂ ಆಟವೇ, ದೊಡ್ಡವರ ಆಟಕ್ಕೆ ವ್ಯವಹಾರ ಎಂಬ ಹೆಸರು ಅಷ್ಟೇ ಎಂಬರ್ಥದ ಮಾತು ಬರೆದಿದ್ದಾರೆ. ರಾತ್ರಿ ಊಟದ ತಟ್ಟೆಯ ಪಕ್ಕದಲ್ಲಿ ಯಾರ ಫೋನಿದೆ? ಕುಟುಂಬ ಪ್ರಾರ್ಥನೆಯ ನಡುವೆ ಯಾರ ಫೋನ್ ಬೆಳಗುತ್ತದೆ? ಜಪಸರ ಮುಗಿಯುವ ತನಕ ಮನೆಯ ಎಲ್ಲ ಫೋನುಗಳೂ, ಅಪ್ಪನದೂ ಸೇರಿ, ಒಂದೇ ಬುಟ್ಟಿಯಲ್ಲಿರಲಿ. ಆಮೇಲೆ ಚೌಕಾಬಾರದ ಮನೆ ಬರೆದು ನಾಲ್ಕು ಕವಡೆ ಹಾಕಿ, ಅಥವಾ ಅಳಗುಳಿಮಣೆ ಇಳಿಸಿ. ಸೋತ ಅಪ್ಪ ನಗುವುದನ್ನು ಮಕ್ಕಳು ನೋಡಲಿ.

ನಾಲ್ಕನೆಯದು, ಮಿತಿ ಮೀರಿದ್ದು ಕಾಯಿಲೆಯಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ವ್ಯಾಧಿಯನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಊಟ, ಓದು, ನೆಂಟರಿಷ್ಟರಿಗಿಂತ ಆಟವೇ ಮುಖ್ಯವಾಗುವುದು, ಕೇಡಾಗುತ್ತಿದ್ದರೂ ಬಿಡಲಾಗದಿರುವುದು ಇದರ ಲಕ್ಷಣಗಳು. ಇದಕ್ಕೆ ಬೈಗುಳ ಮದ್ದಲ್ಲ, ಹರಕೆಯೊಂದೇ ಸಾಲದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲೇ ಇಂಥವರಿಗಾಗಿ ‘ಶಟ್’ ಎಂಬ ವಿಶೇಷ ಚಿಕಿತ್ಸಾ ಸೇವೆಯನ್ನು ಆರಂಭಿಸಿತು. ಜ್ವರ ಬಂದರೆ ಆಸ್ಪತ್ರೆಗೆ ಹೋಗುತ್ತೇವೆ, ಇದಕ್ಕೇಕೆ ನಾಚಿಕೆ? ಪ್ರಾರ್ಥಿಸಿ, ವೈದ್ಯರನ್ನೂ ಕಾಣಿ.

ಕೊನೆಯದಾಗಿ ಆ ಹಳೆಯ ಆಟದ ಇನ್ನೊಂದು ನಿಯಮವ‌ನ್ನು ನಿಮ್ಮ ಮುಂದಿಡುತ್ತೇನೆ. 1985ರ ಮಾರಿಯೋ ಆಟದಲ್ಲಿ ಪರದೆ ಮುಂದಕ್ಕೆ ಮಾತ್ರ ಸರಿಯುತ್ತದೆ. ದಾಟಿ ಬಂದ ಜಾಗಕ್ಕೆ ಹಿಂದಿರುಗಲಾಗದು, ಬಿಟ್ಟು ಬಂದ ನಾಣ್ಯ ಬಿಟ್ಟು ಬಂದದ್ದೇ. ಮೇಲೆ ಮೂಲೆಯಲ್ಲಿ ಸಮಯ ಇಳಿಯುತ್ತಿರುತ್ತದೆ, ಅದು ನೂರಕ್ಕೆ ಬಂದಾಗ ಸಂಗೀತದ ವೇಗ ಹೆಚ್ಚುತ್ತದೆ. ಜೀವಗಳ ವಿಷಯದಲ್ಲಿ ಆ ಆಟ ನಮಗೆ ಹೋಲುವುದಿಲ್ಲ, ಆದರೆ ಈ ವಿಷಯದಲ್ಲಿ ಹೋಲುತ್ತದೆ. ಮನುಷ್ಯನು ಸಾಯುವುದು ಒಂದೇ ಸಲ ಎಂದು ಹಿಬ್ರಿಯರಿಗೆ ಬರೆದ ಪತ್ರ ನೆನಪಿಸುತ್ತದೆ. ಹಿಂದಕ್ಕೆ ಹೋಗಿ ಸರಿಮಾಡುವ ಅವಕಾಶ ನಮಗಿಲ್ಲ. ಮುಂದಕ್ಕೆ ಹೋಗಿ ಸರಿಮಾಡುವ ಅವಕಾಶ ಪ್ರತಿದಿನವೂ ಇದೆ, ಮತ್ತು ಆ ದಾರಿಯಲ್ಲಿ ನಾವು ಒಂಟಿಯಲ್ಲ.

ಈ ವಾರ ಮನೆಮಂದಿಯೆಲ್ಲ ಕುಳಿತಾಗ ಒಬ್ಬರನ್ನೊಬ್ಬರು ಒಂದು ಪ್ರಶ್ನೆ ಕೇಳಿಕೊಳ್ಳಿ: ದೇವರು ಕ್ಷಮಿಸಿದ ಮೇಲೂ ನಾನು ಬಿಡಿಸಿ ತರಬೇಕಾದ ಸರ ಯಾವುದು? ಯಾರ ಮನೆಯಲ್ಲಿ, ಯಾರ ಮನಸ್ಸಿನಲ್ಲಿ ಅದು ಗಿರವಿಯಿದೆ? ಉತ್ತರ ಸಿಕ್ಕ ದಿನವೇ ಹೊರಡಿ. ಗಾಯಗಳನ್ನು ಮುಚ್ಚಿಡದ ಪ್ರಭುವು ನಿಮ್ಮೊಡನೆ ಇರಲಿ.